ಗಾರ್ಬಲ್ಡ್ ಅಂದ್ರೆ ಹೊಗಳಿಕೆ ಅಂದ್ಕೊಂಡಿದ್ದೆ

ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ (ಬೀಜ ಕ್ಲೀನ್ ಮಾಡಿ ಗ್ರೇಡ್ ಮಾಡೋ ಕಾರ್ಖಾನೆ) ಸ್ಯಾಂಪಲ್ ನೋಡ್ಕೊಳ್ಳೋ ಕೆಲಸ ನಂದು, 11 ವರ್ಷ ಆಯ್ತು. ಹೋದ್ವರ್ಷ ಫಾರಿನ್ ಬೈಯರ್ ಒಬ್ರಿಂದ ಮೇಲ್ ಬಂತು, ನೀವು ಕಳ್ಸಿದ್ದು ಗಾರ್ಬಲ್ಡ್ ಆಗಿ ಬಂದಿದೆ, ಇನ್ನೊಂದ್ಸಲ ಕಳ್ಸಿ ಅಂತ. ನಾನೇನ್ ಅಂದ್ಕೊಂಡೆ ಅಂದ್ರೆ, ಸ್ಯಾಂಪಲ್ ನೀಟಾಗಿ ಆರ್ಸಿದೀವಿ, ಮನುಷ್ಯ ಖುಷಿಯಾಗಿ ಇನ್ನೊಂದು ಕೇಳ್ತಿದಾನೆ ಅಂತ. ಥ್ಯಾಂಕ್ಯೂ ಸರ್, ನಮ್ದು ಯಾವಾಗ್ಲೂ ನೂರಕ್ಕೆ ನೂರು ಗಾರ್ಬಲ್ಡೇ ಅಂತ ಬರ್ದು ಕಳ್ಸೇಬಿಟ್ಟೆ. ಅವರು ಹೇಳಿದ್ದು ನಮ್ಮ ರೇಟ್ ಲಿಸ್ಟ್ ಫೈಲ್ ಬಗ್ಗೆ, ಅಕ್ಷರವೆಲ್ಲ ಕಲಸುಮೇಲೋಗರ ಆಗಿತ್ತಂತೆ. ಆಮೇಲೆ ಒಂದು ವಾರ ಆಫೀಸಲ್ಲಿ ನನ್ನ ಹೆಸರೇ ಹಂಡ್ರೆಡ್ ಪರ್ಸೆಂಟ್.

ಆದ್ರೆ ನಂದೇನ್ ತಪ್ಪು ಹೇಳಿ. ನಮ್ ಕಡೆ ಗಾರ್ಬ್ಲಿಂಗ್ ಅಂದ್ರೆ ಕೆಟ್ಟ ಬೀಜ ಆರ್ಸಿ ತೆಗೆಯೋದು, ಕಾಫಿಗೆ ಸಿಗೋ ದೊಡ್ಡ ಮರ್ಯಾದೆ. ಬೀಜದ ಮೇಲಿನ ಪಾರ್ಚ್‌ಮೆಂಟ್ ಹೊಟ್ಟು ತೆಗ್ದು, ಜರಡಿಗ್ ಹಾಕಿ ಸೈಜ್ ಮಾಡಿ (ಪ್ಲಾಂಟೇಶನ್ ಎ ಅನ್ನೋ ಗ್ರೇಡ್ ಅಂದ್ರೆ 6.65 ಮಿ.ಮೀ. ತೂತಿನ ಜರಡಿ ಮೇಲೆ ನಿಲ್ಲೋ ಬೀಜ), ಗಾಳೀಲಿ ಜೊಳ್ಳು ಹಾರ್ಸಿ, ಆಮೇಲೆ ಬರೋದು ಇದು. ಬಣ್ಣ ನೋಡಿ ಉಗಿಯೋ ಕಲರ್ ಸಾರ್ಟರ್ ಮಷೀನು ಈಗ ಇದೆ, ಆದ್ರೂ ಕೊನೇ ಕೈ ನಮ್ಮಲ್ಲಿ ಹೆಂಗಸ್ರದ್ದೇ. ಬೀಜ ತೆಳ್ಳಗೆ ಹರಡ್ಕೊಂಡು, ಪಕ್ಕದವಳ ಹತ್ರ ಮಗಳ ಮದುವೆ ವಿಷ್ಯ ಮಾತಾಡ್ತಾನೇ, ಕಣ್ಣು ಬೀಜದ ಮೇಲೆ, ಎರಡು ಬೆರಳಲ್ಲಿ ಟಕ್ ಅಂತ ಕರೀದು ಆಚೆ, ಒಡ್ದಿದ್ದು ಆಚೆ, ಕಾಯಿಕೊರಕ ಹುಳ ತೂತು ಮಾಡಿದ್ದು ಆಚೆ. ನಾನು ದಿಟ್ಟಿಸಿ ನೋಡಿದ್ರೂ ಕಾಣದ ತೂತು ಅವ್ರಿಗೆ ಕಾಣುತ್ತೆ. ತೆಗ್ದಿದ್ದಕ್ಕೆ ಬಿಬಿಬಿ ಅಂತ ಬೇರೇನೇ ಚೀಲ, ಬ್ಲ್ಯಾಕ್ ಬ್ರೌನ್ ಬಿಟ್ಸ್. ಮೆಣಸಿಗೂ ಅಷ್ಟೇ, ಕೊಚ್ಚಿ ಮಾರ್ಕೆಟ್ ರೇಟ್ ನೋಡೋರಿಗೆ ಗೊತ್ತು, ಗಾರ್ಬಲ್ಡ್ ಬೇರೆ ಅನ್‌ಗಾರ್ಬಲ್ಡ್ ಬೇರೆ, ಗಾರ್ಬಲ್ಡ್‌ಗೇ ರೇಟ್ ಜಾಸ್ತಿ. ಅಂಥಾ ಪದ ಬೈಗುಳ ಹೆಂಗಾಯ್ತು?

ಹಠಕ್ಕೆ ಬಿದ್ದು ಹುಡುಕೋಕ್ ಕೂತೆ. ಮೊದಲು ನಾನೇ ಒಂದು ಥಿಯರಿ ಮಾಡ್ಕೊಂಡಿದ್ದೆ, ಗಾರ್ಬೇಜಿಂದ ಗಾರ್ಬಲ್ ಬಂದಿರ್ಬೇಕು, ಕಸ ತೆಗೆಯೋದಲ್ವಾ ಅಂತ. ಸುಳ್ಳು. ಗಾರ್ಬೇಜ್ ಅಂದ್ರೆ ಹಳೇ ಇಂಗ್ಲಿಷಲ್ಲಿ ಕೋಳಿ ಕರುಳು ಗಿರುಳು, ಅಡುಗೆಮನೆ ಪದ ಅದು. ಮಗಳ ಸ್ಕೂಲ್ ಡಿಕ್ಷನರೀಲಿ ಗಾರ್ಬಲ್‌ಗೆ ಈಗಿನ ಅರ್ಥ ಒಂದೇ ಇತ್ತು. ಆಕ್ಸ್‌ಫರ್ಡಿನ ದೊಡ್ಡ ಡಿಕ್ಷನರಿ ಇದ್ಯಲ್ಲ, ಅದು ಅರ್ಥಗಳನ್ನ ಹುಟ್ಟಿದ ವರಸೇಲಿ ಜೋಡ್ಸುತ್ತೆ, ಹಳೇದು ಮೊದ್ಲು, ಅದನ್ನ ನೋಡಿದ್ಮೇಲೇ ದಾರಿ ಸಿಕ್ಕಿದ್ದು.

ಅರಬ್ಬೀಲಿ ಘಿರ್ಬಾಲ್ ಅಂದ್ರೆ ಜರಡಿ, ಘರ್ಬಲ ಅಂದ್ರೆ ಜರಡಿ ಹಿಡಿಯೋದು. (ಅದೂ ಲ್ಯಾಟಿನ್ನಿನ ಸಣ್ಣ ಜರಡಿಯಿಂದ, ಕ್ರಿಬೆಲ್ಲುಮ್ ಅನ್ನೋದ್ರಿಂದ, ಬಂದಿದ್ದು ಅಂತಾರೆ.) ಮೆಣಸು, ಸಾಂಬಾರ ಪದಾರ್ಥದ ಮೂಟೆ ಜೊತೆ ಪದಾನೂ ಇಟಲಿ ವ್ಯಾಪಾರಿಗಳ ಬಾಯಿಗೆ ಬಿತ್ತು, ಅಲ್ಲಿಂದ 15ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿಗೆ. ಲಂಡನ್‌ನಲ್ಲಿ ಗಾರ್ಬ್ಲರ್ ಅಂತ ಅಧಿಕಾರೀನೇ ಇದ್ದ, ಅಂಗಡಿಗೆ ನುಗ್ಗಿ ಮೆಣಸಿನ ಮೂಟೆ ಬಿಚ್ಚಿ ಕಲ್ಲು ಧೂಳು ಇದ್ಯಾ ಅಂತ ನೋಡೋನು. ನಂಗೆ ಮಜಾ ಅನ್ಸಿದ್ದು ಏನಂದ್ರೆ, ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಗಿರಿ ಮೇಲೆ ಹಾಕಿದ್ರು ಅಂತೀವಲ್ಲ, ಆ ಬೀಜ ಸಮುದ್ರ ದಾಟಿ ನೇರ ಬಂತು, ಅದನ್ನ ಆರ್ಸೋ ಅರಬ್ಬೀ ಪದ ಮಾತ್ರ ಇಟಲಿ ಲಂಡನ್ ಎಲ್ಲಾ ಸುತ್ತಾಕ್ಕೊಂಡು ಬ್ರಿಟಿಷ್ ದೊರೆಗಳ ಜೊತೆ ಇಲ್ಲಿಗೆ ಬಂದು ಮತ್ತೆ ಅದೇ ಬೀಜದ್ ಪಕ್ಕ ಕೂತಿದೆ.

ಸರಿ, ಜರಡಿ ಕಲಸುಮೇಲೋಗರ ಆಗಿದ್ದು ಹೆಂಗೆ? 17ನೇ ಶತಮಾನದ ಕೊನೇಲಿ ಜನ ಇದನ್ನ ಮಾತಿಗೂ ಬಳಸೋಕ್ ಶುರು ಮಾಡಿದ್ರಂತೆ. ಯಾರೋ ಹೇಳಿದ್ದರಲ್ಲಿ ತಮಗೆ ಬೇಕಾದ್ದಷ್ಟೇ ಹೆಕ್ಕಿ ಮುಂದಿಡೋದು, ಅದು ಗಾರ್ಬಲ್. ಹೆಕ್ಕಿದ್ರೆ ಮಾತು ಕೆಡುತ್ತೆ, ಆಮೇಲೆ ಬೇಕಂತ ಕೆಡಿಸದೆ ತಾನಾಗೇ ಕೆಟ್ಟಿದ್ದಕ್ಕೂ ಅದೇ ಪದ. ಓದ್ದಾಗ ತಲೆಗೆ ಹೋಗ್ಲಿಲ್ಲ. ರಾತ್ರಿ ಮಲಗ್ದಾಗ ನನ್ನ ಮೊದಲ್ನೇ ವರ್ಷದ ಒಂದು ಘಟನೆ ನೆನಪಾಯ್ತು. ಅರ್ಜೆಂಟಾಗಿ ಸ್ಯಾಂಪಲ್ ಬೇಕಿತ್ತು, ಚೀಲಚೀಲಕ್ಕೂ ಸಲಾಕೆ ಚುಚ್ಚಿ ತೆಗೆಯೋಕ್ ಸೋಮಾರಿತನ, ಹೆಂಗಸ್ರು ಆರ್ಸಿಟ್ಟಿದ್ದ ರಾಶಿಯಿಂದ್ಲೇ ಒಂದು ಬೊಗಸೆ ತುಂಬ್ಕೊಂಡ್ಬಂದೆ. ಒಂದು ಕರೀ ಬೀಜ ಇಲ್ಲ, ಫಸ್ಟ್ ಕ್ಲಾಸ್. ಹಳೇ ಸೂಪರ್‌ವೈಸರ್ ತಟ್ಟೆ ನೋಡಿದ್ದೇ ತಡ ಪೂರ್ತಿ ಸುರಿದು, ಇದು ಸ್ಯಾಂಪಲ್ ಅಲ್ಲ ಕಣಯ್ಯಾ, ಸುಳ್ಳು, ಚೀಲದಲ್ಲಿರೋದು ತಗೊಂಡ್ಬಾ ಅಂದ್ರು. ಬೀಜ ಅದೇ, ಆರ್ಸಿದ ಕೈ ಅದೇ, ಮಾಲು ಅಂತ ಮಾರಿದ್ರೆ ಒಳ್ಳೇ ರೇಟು, ಸ್ಯಾಂಪಲ್ ಅಂತ ತೋರ್ಸಿದ್ರೆ ಮೋಸ. ಆಗ ನೋಡಿ ಹೊಳೀತು.

ಈಗ ಫೈಲ್ ಕೆಟ್ಟಿದೆ ಅಂತ ಮೇಲ್ ಬಂದ್ರೆ ಫೋನ್ ಮಾಡೇ ಕೇಳ್ತೀನಿ. ಮನೇಲಿ ಮಾತ್ರ ಕತೆ ಮುಗ್ದಿಲ್ಲ. ಮಗಳು ಟೆಸ್ಟಲ್ಲಿ ಈ ಪದಕ್ಕೆ ವಾಕ್ಯ ಬರೀರಿ ಅಂದಿದ್ದಕ್ಕೆ, ಅಪ್ಪನ ಆಫೀಸಲ್ಲಿ ದಿನಾ ಕಾಫಿ ಗಾರ್ಬಲ್ ಮಾಡ್ತಾರೆ, ಅದಕ್ಕೇ ಅದು ಜಾಸ್ತಿ ರೇಟಿಗೆ ಹೋಗುತ್ತೆ ಅಂತ ಇಂಗ್ಲಿಷಲ್ಲಿ ಬರ್ದಿದಾಳೆ. ಕೆಂಪು ಇಂಕಲ್ಲಿ ಇಂಟು. ಒಂದು ಪೊಟ್ಲೆ ಬೀಜ ತಗೊಂಡು ಹೋಗಿ ಮೇಡಂ ಟೇಬಲ್ ಮೇಲೆ ಸುರಿದು ಬರ್ತೀನಿ ಅಂದೆ. ಅಪ್ಪಾ ಪ್ಲೀಸ್ ಬೇಡ, ಒಂದೇ ಮಾರ್ಕು ಹೋಗ್ಲಿ ಬಿಡು ಅಂದ್ಲು.