ಪಾಸಿಟಿವ್ ತಾಯಿ, ಪಕ್ಕದಲ್ಲೇ ಮಗು: ನನ್ನ ಅನುಭವ

“ಸಿಸ್ಟರ್, ಹೊಟ್ಟೆಯೊಳಗೇ ಮಗುವಿಗೂ ಬಂದಿರ್ತದಾ?”

2020 ಮತ್ತು 2021ರಲ್ಲಿ, ಕೊರೊನಾ ಹೊತ್ತಿನಲ್ಲಿ, ನಾನು ಅತಿ ಜಾಸ್ತಿ ಕೇಳಿದ ಪ್ರಶ್ನೆ ಇದು. ಬಸುರಿಯರು ಕೇಳಿದರು, ಗಂಡಂದಿರು ಕೇಳಿದರು, ಬಾಗಿಲ ಹೊರಗೆ ನಿಂತ ಅತ್ತೆಯರು ಕೇಳಿದರು. ಕಾರವಾರ ಕಡೆಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಮೊದಲು ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಗೊತ್ತಿಲ್ಲದಾಗ ಹೆದರಿ ಏನು ಮಾಡಿದೆ, ಗೊತ್ತಾದ ಮೇಲೆ ಏನು ಬದಲಾಯಿಸಿದೆ ಅಂತ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಗೆ ಕೊರೊನಾ ಬಂದದ್ದು 2020ರ ಮಾರ್ಚ್‌ನಲ್ಲಿ, ಭಟ್ಕಳದ ಮೂಲಕ. ಅಲ್ಲಿಯ ಸೋಂಕಿತರನ್ನು ಕಾರವಾರ ನೌಕಾನೆಲೆಯ ಪತಂಜಲಿ ಆಸ್ಪತ್ರೆಗೆ ತಂದು ನೋಡಿಕೊಂಡರು. ಆಗಿನ್ನೂ ಅದು ಬೇರೆಯವರ ಸುದ್ದಿ ಅಂತಿದ್ದೆವು. ಜುಲೈ ಹೊತ್ತಿಗೆ ನಮ್ಮ ವಾರ್ಡಿಗೇ ಬಂತು. ಹೆರಿಗೆ ದಿನ ಹತ್ತಿರ ಬಂದ ಎಲ್ಲರಿಗೂ ಸ್ವಾಬ್ ತೆಗೆಯುತ್ತಿದ್ದೆವು. ಕೆಮ್ಮಿಲ್ಲ, ಜ್ವರ ಇಲ್ಲ, ಆದರೂ ಕೆಲವರ ರಿಪೋರ್ಟು ಪಾಸಿಟಿವ್.

ಮೊದಲನೆಯವಳು ಮೀನುಗಾರರ ಮನೆಯ ಹುಡುಗಿ, ಚೊಚ್ಚಲು. ಹೊರಗೆ ಮಳೆ ಹೊಯ್ಯುತ್ತಿತ್ತು, ಒಳಗೆ ನಾನು ಪಿಪಿಇ ಕಿಟ್‌ನಲ್ಲಿ ಬೆವರಿನಲ್ಲಿ ನೆನೆದಿದ್ದೆ. ಗಾಗಲ್ ಒಳಗೆ ಹಬೆ ಕೂತು ಅವಳ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಹೆರಿಗೆ ಸಲೀಸಾಗಿ ಆಯಿತು. ಮಗು ಅತ್ತಿತು. ನಾವು ತಕ್ಷಣ ಹೊಕ್ಕುಳಬಳ್ಳಿ ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿ, ಬೇರೆ ಕೋಣೆಗೆ ಒಯ್ದೆವು. ಅವಳು ತಲೆ ಎತ್ತಿ “ಎಂತಾ ಮಗು?” ಅಂದಳು. “ಗಂಡು” ಅಂದೆ, ಬಾಗಿಲಿನಿಂದಲೇ.

ಹತ್ತು ದಿನ ಮಗು ಅಲ್ಲಿ, ತಾಯಿ ಇಲ್ಲಿ. ನಾವು ಒಳಲೆಯಲ್ಲಿ ಪೌಡರ್ ಹಾಲು ಕುಡಿಸಿದೆವು. ತಾಯಿಯ ಹಾಲು ಹಿಂಡಿ ತರಬಹುದಿತ್ತು, ಆ ಹೆದರಿಕೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಮೂರನೇ ದಿನ ಅವಳ ಎದೆ ಕಲ್ಲಿನ ಹಾಗೆ ಬಿಗಿಯಿತು, ಜ್ವರ ಬಂತು. ಆಮೇಲೆ ಹಾಲು ಕಡಿಮೆಯಾಗುತ್ತಾ ಹೋಯಿತು. ಕೊನೆಗೆ ಮಗುವನ್ನು ಕೈಗೆ ಕೊಟ್ಟಾಗ ಅದು ಮೊಲೆ ಹಿಡಿಯಲೇ ಇಲ್ಲ, ಬಾಯಿ ತಿರುಗಿಸಿತು. ಮಗುವಿನ ಎರಡೂ ಸ್ವಾಬ್ ನೆಗೆಟಿವ್ ಆಗಿದ್ದವು. ಯಾವ ಅಪಾಯ ತಪ್ಪಿಸಲು ಅಷ್ಟು ದಿನ ದೂರ ಇಟ್ಟೆವೋ ಆ ಅಪಾಯ ಆ ಮಗುವಿಗೆ ಬಂದೇ ಇರಲಿಲ್ಲ. ಅವಳಿಗೆ ಹಾಲು ಹೋಯಿತು. ಇದರಲ್ಲಿ ನನ್ನ ಕೈಯೂ ಇತ್ತು. ಇವತ್ತಿಗೂ ಆ ಹತ್ತು ದಿನ ನೆನಪಾದರೆ ಸಂಕಟ ಆಗುತ್ತದೆ.

ಆಮೇಲೆ ನಮ್ಮ ಆಸ್ಪತ್ರೆಯ ಮಕ್ಕಳ ಡಾಕ್ಟರು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳನ್ನು ಪ್ರಿಂಟ್ ತೆಗೆಸಿ ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿದರು. ತಾಯಿ ಮಗುವನ್ನು ಬೇರೆ ಮಾಡಬೇಡಿ, ಮೊಲೆಹಾಲು ಕೊಡಿಸಿ, ಮಾಸ್ಕ್ ಹಾಕಿಸಿ, ಕೈ ತೊಳೆಸಿ. ಇಷ್ಟೇ. ನಾನು ಒಪ್ಪಲು ಸ್ವಲ್ಪ ಸಮಯ ಹಿಡಿಯಿತು. ಒಂದು ರಾತ್ರಿ ಡ್ಯೂಟಿಯಲ್ಲಿ ಡಾಕ್ಟರು ಕೂತು ಬಿಡಿಸಿ ಹೇಳಿದರು. ಅದನ್ನೇ ನಾನು ಆಮೇಲೆ ನೂರಾರು ಸಲ ಮನೆಯವರಿಗೆ ಹೇಳಿದ್ದೇನೆ.

ಈ ವೈರಸ್ ಹೆಚ್ಚಾಗಿ ಇರುವುದು ಮೂಗು, ಗಂಟಲು, ಶ್ವಾಸಕೋಶದಲ್ಲಿ. ರಕ್ತದಲ್ಲಿ ಸಿಗುವುದು ಅಪರೂಪ. ಹೊಟ್ಟೆಯಲ್ಲಿರುವ ಮಗುವನ್ನು ಮುಟ್ಟಬೇಕಾದರೆ ಅದು ಮೊದಲು ರಕ್ತಕ್ಕೆ ಬರಬೇಕು, ಆಮೇಲೆ ಮಾಸು, ಅಂದರೆ ಪ್ಲಾಸೆಂಟಾ, ದಾಟಬೇಕು. ಜೀವಕೋಶದ ಒಳಗೆ ಹೋಗಲು ಅದಕ್ಕೆ ಎಸಿಇ2 ಅನ್ನುವ ಬಾಗಿಲು ಬೇಕು, ಆ ಬಾಗಿಲು ತೆಗೆಯಲು ಇನ್ನೊಂದು ಪ್ರೋಟೀನ್ ಜೊತೆಗಿರಬೇಕು. ಮಾಸಿನ ಒಂದೇ ಕೋಶದಲ್ಲಿ ಇವೆರಡೂ ಒಟ್ಟಿಗೆ ಸಿಗುವುದು ತೀರಾ ಕಡಿಮೆ. ಝೀಕಾ ವೈರಸ್ಸಿಗೆ ಮಾಸು ದಾಟುವ ಬೇರೆ ದಾರಿಗಳಿವೆ, ಅದಕ್ಕೇ ಅದು ಮಗುವಿಗೆ ಅಷ್ಟು ಕೆಟ್ಟದ್ದು. ಕೊರೊನಾ ಹಾಗಲ್ಲ.

ಹಾಗಂತ ಆಗುವುದೇ ಇಲ್ಲ ಅಂತ ನಾನು ಯಾರಿಗೂ ಹೇಳಲಿಲ್ಲ. 2020ರ ಜುಲೈನಲ್ಲೇ ಪ್ಯಾರಿಸ್ ಹತ್ತಿರದ ಆಸ್ಪತ್ರೆಯೊಂದರಿಂದ ಮಾಸಿನ ಮೂಲಕ ಮಗುವಿಗೆ ಸೋಂಕು ತಗುಲಿದ ಒಂದು ಪ್ರಕರಣ ವರದಿಯಾಯಿತು. ಅದೇ ತಿಂಗಳು ಪುಣೆಯ ಸಸೂನ್ ಆಸ್ಪತ್ರೆಯಿಂದಲೂ ಅಂಥದ್ದೇ ಸುದ್ದಿ ಬಂತು. ಆದರೆ ಎಷ್ಟು ಜನರಲ್ಲಿ ಅನ್ನೋದು ಮುಖ್ಯ ಅಲ್ವಾ? ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2022ರಲ್ಲಿ ಬಂದ ದೊಡ್ಡ ಪರಿಶೀಲನೆಯಲ್ಲಿ, ಸೋಂಕಿದ್ದ ತಾಯಂದಿರ 100 ಮಕ್ಕಳಲ್ಲಿ ಪಾಸಿಟಿವ್ ಬಂದದ್ದು 2ಕ್ಕಿಂತ ಕಡಿಮೆ. ಅದರಲ್ಲೂ ಹುಟ್ಟಿದ ಮೇಲೆ ತಗುಲಿಸಿಕೊಂಡವೂ ಸೇರಿದ್ದವು. ಎದೆಹಾಲು ಕುಡಿಸಿದ್ದರಿಂದ, ತಾಯಿಯ ಹತ್ತಿರ ಇಟ್ಟದ್ದರಿಂದ ಜಾಸ್ತಿ ಆಗಿರಲಿಲ್ಲ. ತಾಯಿಗೆ ಕಾಯಿಲೆ ತೀವ್ರವಾಗಿದ್ದ ಕಡೆ ಜಾಸ್ತಿ ಕಂಡಿತ್ತು.

ಇನ್ನು ನಾವು ಮಾಡಿದ್ದು. ತಾಯಿಯ ಮಂಚ ಕಿಟಕಿಯ ಪಕ್ಕಕ್ಕೆ ಎಳೆದೆವು. ಕಿಟಕಿ ಹಗಲಿಡೀ ತೆಗೆದೇ ಇರಬೇಕು. ಮಗುವಿನ ತೊಟ್ಟಿಲು ಅದೇ ಕೋಣೆಯಲ್ಲಿ, ಆರು ಅಡಿ ದೂರ, ತಾಯಿಯ ಕಾಲಿನ ಕಡೆಗೆ, ಅವಳ ಕಣ್ಣಿಗೆ ಕಾಣುವ ಹಾಗೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸುವುದು ಬಿಟ್ಟು, ಮೊದಲಿನ ಹಾಗೇ ಒಂದರಿಂದ ಮೂರು ನಿಮಿಷ ಕಾದೆವು. ಮಗುವನ್ನು ಒರೆಸಿ ತಾಯಿಯ ಎದೆ ಮೇಲೆ ಹಾಕಿದೆವು. ಮೊದಲ ಗಂಟೆಯಲ್ಲೇ ಗಿಣ್ಣುಹಾಲು. ಕೊರೊನಾ ಇದೆ ಅನ್ನೋ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡುವುದೂ ನಿಂತಿತು.

ಕೈ ತೊಳೆಯುವುದನ್ನು ನಾನೇ ನಿಂತು ಕಲಿಸುತ್ತಿದ್ದೆ. “ಸೋಪು ಹಚ್ಚು, ಇಪ್ಪತ್ತರವರೆಗೆ ನಿಧಾನವಾಗಿ ಎಣಿಸು, ಮತ್ತೊಂದು ಸಲ ಇಪ್ಪತ್ತು. ಬಳೆ ಮೇಲೆ ಸರಿಸು, ಬಳೆಯ ಕೆಳಗೂ ತಿಕ್ಕು.” ಹಸಿರು ಬಳೆ ಮೊಣಕೈವರೆಗೆ ಇಟ್ಟುಕೊಂಡು ಬಂದವರಿಗೆ ಇದು ಸುಲಭ ಇರಲಿಲ್ಲ. ಮಾಸ್ಕ್ ಒದ್ದೆಯಾದರೆ ಬದಲಿಸಬೇಕು, ಮಾತಾಡುವಾಗ ಗದ್ದಕ್ಕೆ ಇಳಿಸಬಾರದು. ಒಬ್ಬರ ಮನೆಯಿಂದ ಮಗುವಿಗೆ ಅಂತ ಪುಟ್ಟ ಮಾಸ್ಕ್ ಹೊಲಿಸಿ ತಂದಿದ್ದರು. ಅದನ್ನು ಆಗಲೇ ತೆಗೆಸಿದೆ. ಎಳೆಮಗುವಿಗೆ ಉಸಿರು ಕಟ್ಟುತ್ತದೆ, ಮಾಸ್ಕ್ ಹಾಕಲೇಬಾರದು. ಮೊದಮೊದಲು ಪ್ರತಿ ಸಲವೂ ಎದೆ ಸೋಪಿನಲ್ಲಿ ತೊಳೆಯಲು ಹೇಳುತ್ತಿದ್ದೆವು, ಅದರಿಂದ ಮೊಲೆತೊಟ್ಟು ಒಡೆದು ನೋವಾಯಿತು. ಎದೆಯ ಮೇಲೆ ಕೆಮ್ಮಿದ್ದರೆ ಮಾತ್ರ ತೊಳೆದರೆ ಸಾಕು ಅಂತ ಆಮೇಲೆ ತಿಳಿಯಿತು.

ಮನೆಯವರನ್ನು ಒಪ್ಪಿಸುವುದೇ ದೊಡ್ಡ ಕೆಲಸ. “ಹಾಲಿನಲ್ಲೇ ರೋಗ ಇಳೀತದಲ್ಲ?” ಅಂತ ಒಬ್ಬ ಅಜ್ಜಿ ಪಟ್ಟು ಹಿಡಿದರು. “ಆಯೀ, ಹಾಲಿನಲ್ಲಿ ಇಳಿಯುವುದು ರೋಗ ತಡೆಯುವ ಶಕ್ತಿ. ರೋಗ ಇರೋದು ಉಸಿರಿನಲ್ಲಿ, ಅದಕ್ಕೆ ಮಾಸ್ಕ್ ಇದೆ” ಅಂದೆ. ಅವರು ತುಂಬಾ ಹೊತ್ತು ಸುಮ್ನೆ ನಿಂತರು. ಮಾರನೇ ದಿನ ಸೊಸೆಗೆ ಬೆಳ್ಳುಳ್ಳಿ ಹಾಕಿದ ಗಂಜಿ ಕಳಿಸಿದರು, ಹಾಲು ಜಾಸ್ತಿ ಬರಲಿ ಅಂತ.

2021ರ ಮೇ ತಿಂಗಳು ಬೇರೆಯೇ ಆಗಿತ್ತು. ಆಗ ಬಂದ ಬಸುರಿಯರಿಗೆ ಉಸಿರೇ ಸಿಗುತ್ತಿರಲಿಲ್ಲ. ಎಲ್ಲರೂ ಮಗುವಿಗೆ ಬರುತ್ತದಾ ಅಂತಲೇ ಕೇಳುತ್ತಿದ್ದರು. ನಾನು ಮೊದಲು ತಾಯಿಯ ಬೆರಳಿಗೆ ಆಕ್ಸಿಮೀಟರ್ ಹಾಕುತ್ತಿದ್ದೆ. ಬಸುರಿಯ ಆಮ್ಲಜನಕ 95ರ ಕೆಳಗೆ ಇಳಿಯಬಾರದು. ತಾಯಿಗೆ ಸಾಲದಿದ್ದರೆ ಮಗುವಿಗೆಲ್ಲಿಂದ? ಆಮೇಲೆ ನನ್ನ ಪ್ರಶ್ನೆ, “ಮಗು ಒದೀತಿದ್ಯಾ? ನಿನ್ನೆಯಷ್ಟೇ ಒದೀತಿದ್ಯಾ?” ವೈರಸ್ ಮಗುವಿನ ಮೈಗೆ ಹೋಗದೆಯೂ ಮಾಸನ್ನು ಕೆಡಿಸಬಲ್ಲದು. ಆಗ ಮಗುವಿಗೆ ರಕ್ತ ಕಡಿಮೆಯಾಗಿ ಒದೆತ ನಿಧಾನ ಆಗುತ್ತದೆ. ಇದನ್ನು ಮನೆಯಲ್ಲಿ ಗಮನಿಸದೆ ತಡವಾಗಿ ಬಂದವರ ಮುಖ ಮರೆಯಲು ಆಗುವುದಿಲ್ಲ.

ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಡಿದ ರಾತ್ರಿ ಒಬ್ಬಳು ಬಂದಳು. 33 ವಾರ, ಆಮ್ಲಜನಕ 91. ಕರೆಂಟ್ ಹೋಗಿ ಜನರೇಟರ್ ಓಡುತ್ತಿತ್ತು. ಎಡಮಗ್ಗುಲಿಗೆ ಮಲಗಿಸಿ ಆಕ್ಸಿಜನ್ ಕೊಟ್ಟೆವು, ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಟ್ಟೆವು. ಎರಡು ದಿನಕ್ಕೆ ಒದೆತ ಕಡಿಮೆ ಅಂದಳು, ಡಾಕ್ಟರು ಸಿಸೇರಿಯನ್ ಮಾಡಿದರು. ಹೆಣ್ಣುಮಗು, 1.8 ಕಿಲೋ. ತಾಯಿ ಇನ್ನೂ ಆಕ್ಸಿಜನ್ ಮೇಲೆ. ನೆಗೆಟಿವ್ ಇದ್ದ ಅಜ್ಜಿಯನ್ನು ಕೂರಿಸಿ, ಮಗುವನ್ನು ಅವರ ಬರಿ ಎದೆಗೆ ಒತ್ತಿ, ಹಳೇ ಕಾಟನ್ ಸೀರೆಯಲ್ಲಿ ಕಟ್ಟಿದೆವು. ತಾಯಿಯ ಹಾಲನ್ನು ಎರಡು ಮೂರು ತಾಸಿಗೊಮ್ಮೆ ಹಿಂಡಿ, ಮೊದಲೇ ನೀರಿನಲ್ಲಿ ಕುದಿಸಿಟ್ಟ ಒಳಲೆಯಲ್ಲಿ ಕುಡಿಸಿದೆವು.

ಆ ಮಗುವಿನ ಮೊದಲ ಸ್ವಾಬ್ ಪಾಸಿಟಿವ್ ಬಂತು. ಅಜ್ಜಿ ಕೂತಲ್ಲೇ ಅಳತೊಡಗಿದರು. ಡಾಕ್ಟರು ಅವಸರ ಮಾಡಲಿಲ್ಲ. ಹುಟ್ಟುವಾಗ ತಾಯಿಯ ಮೈಯಿಂದಲೋ ಸುತ್ತಲಿನಿಂದಲೋ ಮೂಗಿಗೆ ಅಂಟಿದ್ದರೂ ರಿಪೋರ್ಟು ಹಾಗೇ ಬರುತ್ತದೆ. ಹೊಟ್ಟೆಯೊಳಗೇ ಬಂದದ್ದು ಅನ್ನಬೇಕಾದರೆ ಹೊಕ್ಕುಳಬಳ್ಳಿಯ ರಕ್ತದಲ್ಲೋ ಮಾಸಿನಲ್ಲೋ ಸಿಗಬೇಕು, ಮಗುವಿನ ಪರೀಕ್ಷೆ ಮತ್ತೆ ಮತ್ತೆ ಪಾಸಿಟಿವ್ ಬರಬೇಕು. 48 ತಾಸಿನ ಮೇಲೆ ಮತ್ತೆ ತೆಗೆದೆವು. ನೆಗೆಟಿವ್. ಆರನೇ ದಿನ ತಾಯಿಯ ಆಕ್ಸಿಜನ್ ತೆಗೆದರು, ಅವತ್ತೇ ಮಗು ಅಜ್ಜಿಯ ಎದೆಯಿಂದ ಅಮ್ಮನ ಎದೆಗೆ ಹೋಯಿತು.

2021ರ ಜುಲೈ 2ರಂದು ಗರ್ಭಿಣಿಯರಿಗೂ ಲಸಿಕೆ ಕೊಡಬಹುದು ಅಂತ ಕೇಂದ್ರ ಸರ್ಕಾರ ಹೇಳಿತು. ಲಸಿಕೆಯಿಂದ ತಾಯಿಯಲ್ಲಿ ಹುಟ್ಟುವ, ರೋಗ ತಡೆಯುವ ಐಜಿಜಿ ಪ್ರತಿಕಾಯ ಮಾಸು ದಾಟಿ ಮಗುವಿಗೆ ಹೋಗುತ್ತದೆ. ವೈರಸ್ಸಿಗೆ ಕಷ್ಟದ ದಾರಿ ಅದಕ್ಕೆ ಸಲೀಸು. ಆಶಾ ಅಕ್ಕಂದಿರ ಜೊತೆ ನಾನೂ ಕೆಲವು ಮನೆಗಳಿಗೆ ಹೋಗಿ ಇದನ್ನು ಹೇಳಿದೆ.

2022ರ ಜನವರಿಯಲ್ಲಿ, ಒಮಿಕ್ರಾನ್ ಹೊತ್ತಿಗೆ, ಆ ಮೊದಲ ಹುಡುಗಿ ಎರಡನೇ ಹೆರಿಗೆಗೆ ಬಂದಳು. ಮತ್ತೆ ಪಾಸಿಟಿವ್. ಎರಡೂ ಡೋಸ್ ಆಗಿತ್ತು, ಸಣ್ಣ ಕೆಮ್ಮು ಅಷ್ಟೇ. ನನ್ನ ಗುರುತು ಹಿಡಿದಳು. ಏನೂ ಹೇಳದೆ ಬಟ್ಟೆ ಚೀಲದಿಂದ ಪೇಪರಿನಲ್ಲಿ ಸುತ್ತಿದ ಬೆಳ್ಳಿ ಒಳಲೆ ತೆಗೆದು ಕೊಟ್ಟಳು. ಈ ಸಲವೂ ನಾವು ಮಗುವನ್ನು ಬೇರೆ ಕೋಣೆಗೆ ಒಯ್ಯುತ್ತೇವೆ ಅಂದುಕೊಂಡು ಮನೆಯಿಂದಲೇ ತಂದಿದ್ದಳು.

“ಇದು ಬೇಡ, ಚೀಲದಲ್ಲೇ ಇಡು” ಅಂದೆ.

ಮಗು ಹುಟ್ಟಿತು, ಹೆಣ್ಣು. ಒರೆಸಿ ಎದೆ ಮೇಲೆ ಹಾಕಿದೆ. ಅವಳು ಮಾಸ್ಕ್ ಸರಿಮಾಡಿಕೊಂಡು ಎರಡೂ ಕೈಯಲ್ಲಿ ಹಿಡಿದಳು. ಅರ್ಧ ತಾಸಿನಲ್ಲಿ ಮಗು ತಾನೇ ತಡಕಾಡಿ ಮೊಲೆ ಹಿಡಿಯಿತು. ಮನೆಗೆ ಹೊರಟ ದಿನ ಅವಳ ಚೀಲ ತುಂಬಲು ನಾನೂ ಕೈ ಹಾಕಿದೆ. ಒಳಲೆ ತಳದಲ್ಲಿತ್ತು, ಪೇಪರು ಬಿಚ್ಚಿರಲಿಲ್ಲ.