63,76,392 ಅನ್ನು ಬಿಚ್ಚುವುದು ಹೇಗೆ?

ದೊಡ್ಡ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಲು ಕೂತವರು ಎಡವುವುದು ಶುರುವಿನಲ್ಲಲ್ಲ, ಕೊನೆಯ ತುಂಡಿನಲ್ಲಿ. 7, 13, 17 ಎಂದು ನಾಲ್ಕಾರು ಸಲ ಭಾಗಿಸಿ ನೋಡುತ್ತಾರೆ. ಆಗದಿದ್ದರೆ 'ಇದು ಅವಿಭಾಜ್ಯ' ಎಂದು ಬರೆದು ಪೆನ್ನು ಮುಚ್ಚುತ್ತಾರೆ. ಈ ತಪ್ಪನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ಸಂಖ್ಯೆ.

ಹೆಜ್ಜೆ 1: ಸುಲಭದ ತುಂಡುಗಳನ್ನು ಕಳಚಿ. ಕೊನೆಯ ಮೂರು ಅಂಕಿ 392, ಅದು 8ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 36, ಹಾಗಾಗಿ 9 ಇದೆ. ಅಂಕಿಗಳನ್ನು ಒಂದು ಕೂಡಿ ಒಂದು ಕಳೆಯುತ್ತ ಹೋದರೆ ಸೊನ್ನೆ ಬರುತ್ತದೆ, ಹಾಗಾಗಿ 11 ಕೂಡ ಇದೆ. ಮೂರನ್ನೂ ತೆಗೆದರೆ ಉಳಿಯುವುದು 8,051. (ಅಂಕಿ ಕೂಡುವ ಉಪಾಯ 3 ಮತ್ತು 9ಕ್ಕೆ ಸರಿ. ಅದನ್ನು 7ಕ್ಕೂ ಹಚ್ಚುವವರಿದ್ದಾರೆ. ಬೇಡ, ಸುಮ್ನೆ ಭಾಗಿಸಿ.)

ಹೆಜ್ಜೆ 2: ಇಲ್ಲಿ ಅವಸರ ಬೇಡ. 8,051 ನೋಡಲು ಥೇಟ್ ಅವಿಭಾಜ್ಯದ ಹಾಗೇ ಇದೆ, ಅಲ್ವಾ? ಎಲ್ಲಿಯವರೆಗೆ ಭಾಗಿಸಿ ನೋಡಬೇಕು? ವರ್ಗಮೂಲದವರೆಗೆ. 90ರ ವರ್ಗ 8,100. ಎರಡು ಅಪವರ್ತನಗಳೂ 90 ದಾಟಿದರೆ ಗುಣಲಬ್ಧ 8,100 ಮೀರಬೇಕು. 8,051 ಅಷ್ಟು ದೊಡ್ಡದಲ್ಲ. ಅಂದರೆ ಅಪವರ್ತನ ಇದ್ದರೆ ಒಂದಾದರೂ 90ರೊಳಗೇ ಸಿಗಬೇಕು. ಅಲ್ಲಿಯವರೆಗಿನ ಅವಿಭಾಜ್ಯಗಳು 24, ಕೊನೆಯದು 89. ನಮ್ಮ ಸಂಖ್ಯೆ ಬಾಗುವುದು 83ಕ್ಕೆ, ಅಂದರೆ ಇಪ್ಪತ್ತಮೂರನೆಯದಕ್ಕೆ! 50ಕ್ಕೇ ಬೇಸತ್ತು ಬಿಟ್ಟವರಿಗೆ ಇದು ಸಿಗುವುದೇ ಇಲ್ಲ.

ಒಂದು ಅಡ್ಡದಾರಿ ಇದೆ, ನನಗಂತೂ ಅದೇ ಇಷ್ಟ. 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಉಪಾಯ ಅದು. ವರ್ಗಮೂಲದ ಮೇಲಿನ ಮೊದಲ ಪೂರ್ಣಸಂಖ್ಯೆ 90. ಅದರ ವರ್ಗದಿಂದ 8,051 ಕಳೆದರೆ 49. ಅದು 7ರ ವರ್ಗ. ಕೆಲಸ ಮುಗಿಯಿತು: 90ರಿಂದ 7 ಕಳೆದರೆ 83, ಕೂಡಿದರೆ 97. ಮೊದಲ ಸಲಕ್ಕೇ ವರ್ಗ ಬರದಿದ್ದರೆ 91, 92 ಎಂದು ಮುಂದುವರಿಯಿರಿ. ಆದರೆ ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಇದು ಬೇಗ ಮುಗಿಯುತ್ತದೆ. ದೂರ ಇದ್ದರೆ ಭಾಗಾಕಾರಕ್ಕಿಂತ ಜಾಸ್ತಿ ಸುಸ್ತು.

ಇನ್ನೊಂದು ಮಾತು. 15 ಅಂಕಿ ದಾಟಿದ ಸಂಖ್ಯೆಯನ್ನು ಸ್ಪ್ರೆಡ್‌ಶೀಟ್‌ಗೆ ಹಾಕಲೇಬೇಡಿ. ಹಲವು ಸ್ಪ್ರೆಡ್‌ಶೀಟ್‌ಗಳು 15 ಅಂಕಿ ಉಳಿಸಿಕೊಂಡು ಮಿಕ್ಕದ್ದನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತವೆ. ಆಮೇಲೆ ಯಾವ ಸಂಖ್ಯೆ ನೋಡಿದರೂ 10ರಿಂದ ಭಾಗವಾಗುತ್ತದೆ!

ಹೆಜ್ಜೆ 3: ಈಗ ಎಲ್ಲ ಸೇರಿಸಿ ಬರೆಯಿರಿ: 2³ × 3² × 11 × 83 × 97. ಭಾಜಕಗಳೆಷ್ಟು ಎಂದು ತಿಳಿಯಲು ಪ್ರತಿ ಘಾತಕ್ಕೆ 1 ಕೂಡಿ ಗುಣಿಸಿ: 4 × 3 × 2 × 2 × 2 = 96. ಆ 1 ಮರೆತರೆ 6 ಬರುತ್ತದೆ, ಮರೆಯುವವರೇ ಹೆಚ್ಚು. 3 ಮತ್ತು 1 ಬೆಸ ಘಾತಗಳು, ಹಾಗಾಗಿ ಇದು ಪೂರ್ಣ ವರ್ಗವಲ್ಲ.

ಹೆಜ್ಜೆ 4: ಭಾಜಕಗಳ ಮೊತ್ತ 15 × 13 × 12 × 84 × 98 = 1,92,62,880. ಇಲ್ಲಿ 15 ಅಂದರೆ 1+2+4+8, 13 ಅಂದರೆ 1+3+9, ಮಿಕ್ಕವಕ್ಕೆ 1 ಕೂಡಿದರೆ ಸಾಕು. ಮೂಲ ಸಂಖ್ಯೆಯನ್ನು ಇದರಿಂದ ಕಳೆದ ಮೇಲೂ 1,28,86,488 ಉಳಿಯುತ್ತದೆ, ಅಂದರೆ ಸಂಖ್ಯೆಯ ಎರಡರಷ್ಟಕ್ಕಿಂತ ತುಸು ಹೆಚ್ಚು.