ಟ್ರ್ಯಾಕ್ಟರ್ ನೇಗಿಲನ್ನು ಸರಿಹೊಂದಿಸುವ ಕ್ರಮ

ಪುಣೆಯಲ್ಲಿ ನೌಕರಿ ಮಾಡುತ್ತ ದೌಂಡ್, ಇಂದಾಪುರದ ಕಡೆ ನಾಲ್ಕಾರು ಎಕರೆ ಎರೆ ಹೊಲ ಮಾಡಿಕೊಂಡಿರುವ ಕನ್ನಡ ಮನೆಗಳು ನನ್ನ ಪರಿಚಯದಲ್ಲಿಯೇ ಹಲವಿವೆ. ಭಾನುವಾರ ನಸುಕಿನಲ್ಲಿ ಹಡಪಸರ ದಾಟಿ ಸೋಲಾಪುರ ರಸ್ತೆ ಹಿಡಿದು ಹೊಲಕ್ಕೆ ಹೋಗುತ್ತಾರೆ, ಟ್ರ್ಯಾಕ್ಟರ್ ನೇಗಿಲು ಹೊಡೆಯುವುದನ್ನು ಬದುವಿನ ಮೇಲೆ ನಿಂತು ನೋಡುತ್ತಾರೆ, ಎಕರೆ ಲೆಕ್ಕದಲ್ಲಿ ಹಣ ಎಣಿಸಿ ಕೊಟ್ಟು ಸಂಜೆಗೆ ಮರಳುತ್ತಾರೆ. ಉಳುಮೆ ಚೆನ್ನಾಗಿ ಆಗಲಿಲ್ಲವೆಂದು ಕಂಡರೆ ಚಾಲಕನನ್ನು ದೂರುತ್ತಾರೆ, ಇಲ್ಲವೇ ಟ್ರ್ಯಾಕ್ಟರಿಗೆ ಶಕ್ತಿ ಸಾಲದು ಎನ್ನುತ್ತಾರೆ. ಇಂಡಿ ತಾಲೂಕಿನಿಂದ ಬಂದು ಇಲ್ಲಿ ನೆಲೆಸಿ, ಇದೇ ಭೀಮೆಯ ದಂಡೆಯ ಹೊಲವನ್ನು ಮೂವತ್ತು ವರ್ಷ ನಾನೇ ಉತ್ತಿರುವ ಅನುಭವದಿಂದ ಹೇಳುವುದಾದರೆ, ಹತ್ತರಲ್ಲಿ ಎಂಟು ಸಲ ತಪ್ಪು ಇರುವುದು ನೇಗಿಲನ್ನು ಜೋಡಿಸಿದ ರೀತಿಯಲ್ಲಿ. ಅದನ್ನು ಸರಿಪಡಿಸಲು ಒಂದು ಪಾನಾ (ಸ್ಪ್ಯಾನರ್), ಒಂದು ಅಳತೆ ಪಟ್ಟಿ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು. ಆದರೆ ಕ್ರಮ ತಪ್ಪಬಾರದು; ಮೊದಲು ಮಾಡಬೇಕಾದುದನ್ನು ಕೊನೆಗೆ ಮಾಡಿದರೆ ಹಿಂದೆ ಮಾಡಿದ್ದೆಲ್ಲ ಕೆಡುತ್ತದೆ.

ನಮ್ಮ ಹಿರಿಯರ ಮರದ ನೇಗಿಲು ಮಣ್ಣನ್ನು ಸೀಳುತ್ತಿತ್ತೇ ಹೊರತು ಮಗುಚುತ್ತಿರಲಿಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ಅಂಜಿ ರೈತರು ಅದನ್ನು ಕೊಳ್ಳಲು ಹಿಂದೇಟು ಹಾಕಿದ್ದರು. ರೆಕ್ಕೆಯುಳ್ಳ ನೇಗಿಲು ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಕುಳವು ಮಣ್ಣಿನ ಪಟ್ಟಿಯನ್ನು ಅಡಿಯಿಂದ ಕೊಯ್ಯುತ್ತದೆ, ರೆಕ್ಕೆಯು ಅದನ್ನು ಎತ್ತಿ ಹೊರಳಿಸುತ್ತದೆ, ಎಡಬದಿಯ ಉದ್ದನೆಯ ಪಟ್ಟಿಯು ಸಾಲಿನ ಗೋಡೆಗೆ ಆತುಕೊಂಡು ನೇಗಿಲು ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ. ಈ ಮೂರರಲ್ಲಿ ಒಂದು ಓರೆಯಾದರೂ ಕಸ ಮುಚ್ಚುವುದಿಲ್ಲ, ಡೀಸೆಲ್ ಮಾತ್ರ ಹೆಚ್ಚು ಸುಡುತ್ತದೆ.

ಹೊಲಕ್ಕೆ ಇಳಿಯುವ ಮೊದಲು ಹದ ನೋಡಬೇಕು. ಇಲ್ಲಿಯವರು ಅದನ್ನು ವಾಫಸಾ ಎನ್ನುತ್ತಾರೆ. ಉಳುವ ಆಳದಿಂದ ತೆಗೆದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಬೆರಳಿನಿಂದ ತಟ್ಟಿದಾಗ ಪುಡಿಯಾದರೆ ನೇಗಿಲು ಹೂಡಬಹುದು. ಹೊರಳಿದ ಎರೆಮಣ್ಣು ಎಣ್ಣೆ ಹಚ್ಚಿದಂತೆ ಹೊಳೆದರೆ ಆ ದಿನ ನೇಗಿಲನ್ನು ಮನೆಗೆ ತರುವುದೇ ಲೇಸು.

ಹೊಂದಾಣಿಕೆಯ ಕೆಲಸ ಅಂಗಳದಲ್ಲಿ ಶುರುವಾಗಬೇಕು. ಹಿಂದಿನ ಎರಡೂ ಟೈರುಗಳಲ್ಲಿ ಗಾಳಿ ಸಮನಾಗಿರಬೇಕು. ಒಂದರಲ್ಲಿ ಕಡಿಮೆಯಿದ್ದರೆ ಮುಂದೆ ನೀವು ಮಾಡುವ ಮಟ್ಟವೆಲ್ಲ ಸುಳ್ಳಾಗುತ್ತದೆ. ಬಲಬದಿಯ ಮುಂದಿನ ಮತ್ತು ಹಿಂದಿನ ಟೈರುಗಳ ಒಳಮೈ ಒಂದೇ ನೇರದಲ್ಲಿ ಬರುವಂತೆ ಚಕ್ರಗಳ ಅಂತರವನ್ನು ಇಟ್ಟುಕೊಳ್ಳಬೇಕು, ಏಕೆಂದರೆ ಅವೆರಡೂ ಒಂದೇ ಸಾಲಿನಲ್ಲಿ ಓಡುತ್ತವೆ. ಆಮೇಲೆ ಕುಳವನ್ನು ನೋಡಬೇಕು, ಮರಾಠಿ ಚಾಲಕರು ಫಾಳ ಎನ್ನುವುದು ಇದನ್ನೇ. ಹೊಸ ಕುಳದ ತುದಿ ತುಸು ಕೆಳಕ್ಕೂ ತುಸು ಎಡಕ್ಕೂ ಬಾಗಿರುತ್ತದೆ. ನೇಗಿಲಿನ ಅಡಿಗೆ ಉದ್ದಕ್ಕೆ ನೇರ ಪಟ್ಟಿ ಹಿಡಿದರೆ ನಡುವೆ 3ರಿಂದ 5 ಮಿಲಿಮೀಟರ್ ಸಂದು ಕಾಣಬೇಕು. ಮಣ್ಣಿನೊಳಗೆ ತಾನಾಗಿ ಇಳಿಯುವ ಗುಣ ನೇಗಿಲಿಗೆ ಬರುವುದು ಈ ಸಂದಿನಿಂದಲೇ. ತುದಿ ಸವೆದು ಸಂದು ಮಾಯವಾಗಿದ್ದರೆ ಯಾವ ಹೊಂದಾಣಿಕೆಯಿಂದಲೂ ಪ್ರಯೋಜನವಿಲ್ಲ, ಕುಳವನ್ನು ಬದಲಿಸಲೇಬೇಕು. ರೆಕ್ಕೆಯ ಮೇಲೆ ತುಕ್ಕಾಗಲಿ ಹೊಸ ಬಣ್ಣವಾಗಲಿ ಇದ್ದರೆ ಉಜ್ಜಿ ತೆಗೆಯಬೇಕು, ಇಲ್ಲವಾದರೆ ಎರೆಮಣ್ಣು ಅಂಟಿಕೊಂಡು ಮಣ್ಣೇ ಮಣ್ಣನ್ನು ತಳ್ಳುವ ಸ್ಥಿತಿ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಗಮನ ಬೇಡುವುದು ಎಡಬಲಗಳ ಮಟ್ಟ. ಉಳುವಾಗ ಬಲಚಕ್ರಗಳು ಸಾಲಿನೊಳಗೆ, ಎಡಚಕ್ರಗಳು ಉಳದ ನೆಲದ ಮೇಲೆ ಇರುವುದರಿಂದ ಟ್ರ್ಯಾಕ್ಟರ್ ಬಲಕ್ಕೆ ವಾಲಿಯೇ ನಡೆಯುತ್ತದೆ. ಟ್ರ್ಯಾಕ್ಟರ್ ವಾಲಿದರೂ ನೇಗಿಲು ವಾಲಬಾರದು. ಅಂಗಳದಲ್ಲಿ ನೇಗಿಲನ್ನು ಚೆಂದವಾಗಿ ಮಟ್ಟ ಮಾಡಿ ಹೊಲಕ್ಕೆ ಒಯ್ದವರ ನೇಗಿಲು ಸಾಲಿನಲ್ಲಿ ಓರೆಯಾಗಿ ಓಡುವುದು ಇದೇ ಕಾರಣದಿಂದ. ನಾನು ಅನುಸರಿಸುವ ಉಪಾಯ ಹೀಗಿದೆ: 8 ಇಂಚು ಆಳ ಉಳಬೇಕೆಂದಿದ್ದರೆ 8 ಇಂಚು ದಪ್ಪದ ಗಟ್ಟಿ ಮರದ ದಿಮ್ಮಿಗಳ ಮೇಲೆ ಎಡಬದಿಯ ಎರಡೂ ಚಕ್ರಗಳನ್ನು ಹತ್ತಿಸಿ, ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ನೇಗಿಲನ್ನು ಸಮತಟ್ಟಾದ ನೆಲಕ್ಕೆ ಇಳಿಸಿ, ಎಂಜಿನ್ ಆರಿಸುತ್ತೇನೆ. ಗೌಂಡಿಗಳ ರಸಮಟ್ಟವನ್ನು ನೇಗಿಲಿನ ಚೌಕಟ್ಟಿನ ಮೇಲೆ ಅಡ್ಡಲಾಗಿಟ್ಟು, ಬಲಗಡೆಯ ಲಿಫ್ಟ್ ರಾಡಿನ (ನೇಗಿಲು ಹಿಡಿದ ಕೆಳತೋಳನ್ನು ಎತ್ತುವ ಸರಳಿನ) ಹಿಡಿಕೆಯನ್ನು ಗುಳ್ಳೆ ನಡುವಿಗೆ ಬರುವವರೆಗೆ ತಿರುಗಿಸುತ್ತೇನೆ. ಬಲಗಡೆಯ ರಾಡು ಈಗ ಎಡಗಡೆಯದಕ್ಕಿಂತ ಗಿಡ್ಡವಾಗಿರುತ್ತದೆ, ಅದು ಸರಿಯೇ. ಈ ಕೆಲಸ ಮಾಡುವಾಗ ಎತ್ತಿ ನಿಲ್ಲಿಸಿದ ನೇಗಿಲಿನ ಕೆಳಗೆ ಯಾರೂ ಕೈಯನ್ನಾಗಲಿ ಕಾಲನ್ನಾಗಲಿ ಇಡಬಾರದು. ಹೈಡ್ರಾಲಿಕ್ ಎಣ್ಣೆಯ ಒತ್ತಡವನ್ನು ನಂಬಿ ಪ್ರಾಣವನ್ನು ಒತ್ತೆಯಿಡುವ ಕೆಲಸ ಅದು.

ಹೊಲದ ಮೊದಲ ಸಾಲಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಆಗ ನಾಲ್ಕೂ ಚಕ್ರಗಳು ನೆಲದ ಮೇಲೆಯೇ ಇರುತ್ತವೆ. ಮೊದಲ ಸಾಲನ್ನು ದೂರದ ಮರವನ್ನೋ ನೆಟ್ಟ ಕೋಲನ್ನೋ ಗುರಿಯಿಟ್ಟು ನೇರವಾಗಿ, ಕಡಿಮೆ ಆಳದಲ್ಲಿ ತೆಗೆಯಬೇಕು. ಎರಡನೆಯ ಸುತ್ತಿನಿಂದ ಬಲಚಕ್ರಗಳನ್ನು ಸಾಲಿಗೆ ಇಳಿಸಿ ಪೂರ್ತಿ ಆಳಕ್ಕೆ ಹೋಗಬೇಕು.

ಮುಂದಿನದು ಟಾಪ್ ಲಿಂಕ್, ಅಂದರೆ ನೇಗಿಲಿನ ಮೇಲ್ತುದಿಯನ್ನು ಟ್ರ್ಯಾಕ್ಟರಿಗೆ ಜೋಡಿಸುವ, ಉದ್ದ ಗಿಡ್ಡ ಮಾಡಬಲ್ಲ ಸರಳು. ಇದರ ವಿಷಯದಲ್ಲಿ ನಾನೇ ಒಂದು ಹಂಗಾಮು ಕಳೆದುಕೊಂಡಿದ್ದೇನೆ. ಕೂಳೆ ಕಬ್ಬು ತೆಗೆದ ಹೊಲದಲ್ಲಿ ನೇಗಿಲು ಒಳಗೆ ಇಳಿಯುತ್ತಿಲ್ಲವೆಂದು ಟಾಪ್ ಲಿಂಕನ್ನು ಗಿಡ್ಡ ಮಾಡುತ್ತ ಹೋದೆ; ಎರಡು ಕುಳದ ಆ ನೇಗಿಲಿನಲ್ಲಿ ಮುಂದಿನ ಕುಳ ನೆಲಕ್ಕೆ ಮೂಗು ತೂರಿಸಿಕೊಂಡು ಆಳಕ್ಕೆ ಇಳಿಯಿತು, ಹಿಂದಿನದು ಮೇಲೆದ್ದು ನೆಲವನ್ನು ಕೆರೆಯತೊಡಗಿತು. ಒಂದು ಸಾಲು ಆಳ, ಒಂದು ಸಾಲು ತೇಲು ಎಂಬಂತಾಗಿ, ನೀರು ಹಾಯಿಸಿದಾಗ ಇಡೀ ಹೊಲ ಪಟ್ಟೆಪಟ್ಟೆಯಾಗಿ ಕಂಡಿತು. ತಪ್ಪು ನನಗೆ ತಿಳಿದದ್ದು ಸವೆದ ಕುಳಗಳನ್ನು ಬದಲಿಸಿದ ಮೇಲೆ. ಟಾಪ್ ಲಿಂಕ್ ಇರುವುದು ಆಳ ಕೊಡುವುದಕ್ಕಲ್ಲ, ನೇಗಿಲಿನ ಹಿಂದುಮುಂದನ್ನು ಸಮ ಮಾಡುವುದಕ್ಕೆ. ಆಳವನ್ನು ಕೊಡುವುದು ಚಾಲಕನ ಬಲಗೈ ಬಳಿಯ ಹಿಡಿಕೆ. ಹಿಂದಿನ ಕುಳ ಮೇಲೇಳುತ್ತಿದ್ದರೆ ಟಾಪ್ ಲಿಂಕನ್ನು ಉದ್ದ ಮಾಡಬೇಕು, ಮುಂದಿನದು ಮೇಲೇಳುತ್ತಿದ್ದರೆ ಗಿಡ್ಡ ಮಾಡಬೇಕು. ಸರಿಯಾಗಿದೆಯೇ ಎಂದು ತಿಳಿಯಲು ಹತ್ತು ಮಾರು ಉತ್ತು ನಿಲ್ಲಿಸಿ, ಇಳಿದು, ಸಾಲಿನ ತಳವನ್ನು ನೋಡಬೇಕು. ಎಡಬದಿ ಪಟ್ಟಿಯ ಹಿಮ್ಮಡಿಯು ತಳದಲ್ಲಿ ತೆಳುವಾದ ಗೆರೆಯನ್ನು ಬಿಟ್ಟಿದ್ದರೆ ಎಲ್ಲವೂ ಸರಿಯಿದೆ. ಗೆರೆಯೇ ಇಲ್ಲದಿದ್ದರೆ ನೇಗಿಲು ಮೂಗಿನ ಮೇಲೆ ಓಡುತ್ತಿದೆ. ಆಳವಾಗಿ ಕೊರೆದಿದ್ದರೆ ಹಿಮ್ಮಡಿಯನ್ನು ಎಳೆದುಕೊಂಡು ಹೋಗುತ್ತಿದೆ. ಒಮ್ಮೆಗೆ ಒಂದು ಸುತ್ತಷ್ಟೇ ತಿರುಗಿಸಿ, ಮತ್ತೆ ಹತ್ತು ಮಾರು ಉತ್ತು ನೋಡುವುದು ಕ್ಷೇಮ. ಎರಡು ಕಡೆ ಒಟ್ಟಿಗೆ ಕೈಹಾಕಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಆಳದ ಬಗ್ಗೆಯೂ ಆಸೆ ಅತಿಯಾಗಬಾರದು. ಒಂದೊಂದು ಕುಳ ಕೊಯ್ಯುವ ಅಗಲದ ಮೂರರಲ್ಲಿ ಎರಡು ಭಾಗಕ್ಕಿಂತ ಆಳ ಹೆಚ್ಚಾದರೆ ಮಣ್ಣಿನ ಪಟ್ಟಿ ಹೊರಳದೆ ನಿಂತುಬಿಡುತ್ತದೆ. ಅಂದರೆ 12 ಇಂಚಿನ ನೇಗಿಲಿಗೆ 8 ಇಂಚು. ಅದಕ್ಕೂ ಮೀರಿ ಒಂದು ಅಡಿ ಆಳ ಬೇಕೆಂದು ಚಾಲಕನ ಬೆನ್ನು ಹತ್ತುವವರನ್ನು ನಾನು ಪ್ರತಿ ಬೇಸಿಗೆಯಲ್ಲಿ ನೋಡುತ್ತೇನೆ, ಮತ್ತು ಅವರ ಹೊಲದಲ್ಲಿ ಕರಿಕೆ ಮುಚ್ಚಿಕೊಳ್ಳದೆ ಮತ್ತೆ ಚಿಗುರುವುದನ್ನೂ ನೋಡುತ್ತೇನೆ.

ಒಂದು ಸುತ್ತಿನ ಉಳುಮೆಯು ಹಿಂದಿನ ಸುತ್ತಿನೊಂದಿಗೆ ಕೂಡುವಲ್ಲಿ ಉಬ್ಬು ಅಥವಾ ತಗ್ಗು ಉಳಿದರೆ, ಮುಂದಿನ ಕುಳ ಕೊಯ್ಯುವ ಅಗಲ ಹಿಂದಿನದಕ್ಕೆ ಸಮನಾಗಿಲ್ಲವೆಂದು ಅರ್ಥ. ಅಳತೆ ಪಟ್ಟಿ ಹಿಡಿದು ಎರಡನ್ನೂ ಅಳೆಯಬೇಕು. ಚಕ್ರಗಳ ಅಂತರ ಸರಿಯಿದ್ದೂ ವ್ಯತ್ಯಾಸ ಬಂದರೆ, ಟ್ರ್ಯಾಕ್ಟರಿನ ಕೆಳಗಿನ ಎರಡು ತೋಳುಗಳು ಸಿಕ್ಕಿಸಿಕೊಳ್ಳುವ, ನೇಗಿಲಿನ ಅಡ್ಡ ಶಾಫ್ಟನ್ನು ಸಡಿಲಿಸಿ ಸ್ವಲ್ಪ ತಿರುಗಿಸಿದರೆ ನೇಗಿಲಿನ ಮುಖ ಬದಲಾಗುತ್ತದೆ. ಸ್ಟಿಯರಿಂಗ್ ಎಳೆದು ಇದನ್ನು ಸರಿದೂಗಿಸುವ ಚಾಲಕರಿದ್ದಾರೆ. ಸಂಜೆಗೆ ಅವರ ರಟ್ಟೆ ಸೋಲುತ್ತದೆ, ಸಾಲು ಮಾತ್ರ ಸರಿಯಾಗುವುದಿಲ್ಲ. ಆ ತೋಳುಗಳು ಪಕ್ಕಕ್ಕೆ ತೂಗಾಡದಂತೆ ಹಿಡಿಯುವ ಚೆಕ್ ಚೈನುಗಳನ್ನು ರಸ್ತೆಯಲ್ಲಿ ಹೋಗುವಾಗ ಬಿಗಿಯಬೇಕು, ಉಳುವಾಗ ಸಡಿಲ ಬಿಡಬೇಕು. ಬಿಗಿದ ಚೈನು ನೇಗಿಲಿಗೆ ತನ್ನ ದಾರಿ ಹಿಡಿಯಲು ಬಿಡುವುದಿಲ್ಲ.

ಹೈಡ್ರಾಲಿಕ್ಕಿನ ಎರಡು ಹಿಡಿಕೆಗಳ ವ್ಯತ್ಯಾಸವನ್ನು ನನ್ನ ಸೋದರಳಿಯ ಕೇಳಿದ್ದ. “ಮಾಮಾ, ಎರಡೂ ಎತ್ತಿ ಇಳಿಸುತ್ತವೆ, ಒಂದೇ ಸಾಲದೇ?” ಎಂಬುದು ಅವನ ಪ್ರಶ್ನೆ. ಪೊಸಿಷನ್ ಹಿಡಿಕೆಯು ನೇಗಿಲನ್ನು ಟ್ರ್ಯಾಕ್ಟರಿಗೆ ಹೋಲಿಸಿ ಒಂದೇ ಎತ್ತರದಲ್ಲಿ ಹಿಡಿದಿಡುತ್ತದೆ, ಡ್ರಾಫ್ಟ್ ಹಿಡಿಕೆಯು ಎಳೆತದ ಭಾರವನ್ನು ಒಂದೇ ಸಮನಾಗಿ ಇಡಲು ನೋಡುತ್ತದೆ. ಉಳುಮೆಗೆ ಬೇಕಾದುದು ಡ್ರಾಫ್ಟ್. ಆದರೆ ನಮ್ಮ ಹೊಲದಂತೆ ಒಂದು ತುದಿ ಎರೆ, ಇನ್ನೊಂದು ತುದಿ ಮುರುಮು (ಗಟ್ಟಿ ಗರಸು ನೆಲ) ಇರುವಲ್ಲಿ ಗಟ್ಟಿ ನೆಲ ಬಂದೊಡನೆ ನೇಗಿಲು ಮೇಲೇಳುತ್ತದೆ, ಮೆತ್ತನೆಯ ನೆಲದಲ್ಲಿ ಹೆಚ್ಚು ಇಳಿಯುತ್ತದೆ. ಆದ್ದರಿಂದ ಚಾಲಕನು ಆಗಾಗ ಹಿಂದಿರುಗಿ ನೋಡಿ ಹಿಡಿಕೆಯನ್ನು ತುಸು ಸರಿಸುತ್ತಿರಬೇಕು.

ವೇಗ ಗಂಟೆಗೆ 4ರಿಂದ 6 ಕಿಲೋಮೀಟರ್ ಇರಲಿ. ಚಕ್ರ ಜಾರುತ್ತಿದೆಯೆಂಬ ಅನುಮಾನ ಬಂದರೆ ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು ಚಕ್ರದ ಹತ್ತು ಸುತ್ತಿಗೆ ಎಷ್ಟು ದೂರ ಹೋಗುತ್ತದೆ, ಉಳುತ್ತ ಎಷ್ಟು ಹೋಗುತ್ತದೆ ಎಂದು ಅಳೆಯಿರಿ. ಮೊದಲನೆಯದು 40 ಮೀಟರ್, ಎರಡನೆಯದು 34 ಮೀಟರ್ ಬಂದರೆ ಜಾರುವಿಕೆ ಶೇಕಡಾ 15. ಅದಕ್ಕಿಂತ ಹೆಚ್ಚಾದರೆ ಟೈರಿಗೆ ನೀರು ತುಂಬಿಸಿ ಭಾರ ಕೂಡಿಸಬೇಕು, ಇಲ್ಲವೇ ಆಳ ತಗ್ಗಿಸಬೇಕು.

ಈ ಭಾಗದಲ್ಲಿ ಹೈಡ್ರಾಲಿಕ್ ಪಲ್ಟಿ ನೇಗಿಲು, ಅಂದರೆ ಸಾಲಿನ ತುದಿಯಲ್ಲಿ ತಾನೇ ಮಗುಚಿಕೊಳ್ಳುವ ನೇಗಿಲು, ಇಟ್ಟುಕೊಂಡವರೂ ಇದ್ದಾರೆ. ಅದರಲ್ಲಿ ಒಂದು ಸಲ ಬಲಚಕ್ರ, ಮರಳುವಾಗ ಎಡಚಕ್ರ ಸಾಲಿನಲ್ಲಿ ಇರುವುದರಿಂದ ಎರಡೂ ಲಿಫ್ಟ್ ರಾಡುಗಳು ಸಮ ಉದ್ದ ಇರಬೇಕು. ನೇಗಿಲನ್ನು ನೆಟ್ಟಗೆ ನಿಲ್ಲಿಸುವುದು ಎರಡು ಬದಿಯಲ್ಲಿರುವ ತಡೆ ಬೋಲ್ಟುಗಳ ಕೆಲಸ. ಉಳಿದದ್ದೆಲ್ಲ ಮೇಲೆ ಹೇಳಿದಂತೆಯೇ.

ಎಲ್ಲವೂ ಸರಿಹೊಂದಿದ ದಿನ ಟಾಪ್ ಲಿಂಕಿನ ಮತ್ತು ಬಲ ಲಿಫ್ಟ್ ರಾಡಿನ ಉದ್ದವನ್ನು ಪಿನ್ನಿನಿಂದ ಪಿನ್ನಿಗೆ ಅಳೆದು, ಸಾಮಾನು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬಣ್ಣದಿಂದ ಬರೆದಿಡಿ. ಮುಂದಿನ ವರ್ಷ ಬೇರೆ ಚಾಲಕ ಬಂದರೂ ಅಲ್ಲಿಂದಲೇ ಆರಂಭಿಸಬಹುದು. ಕೆಲಸ ಮುಗಿದ ಸಂಜೆಯೇ ರೆಕ್ಕೆಯ ಮಣ್ಣು ಕೆರೆದು, ಒಣಬಟ್ಟೆಯಿಂದ ಒರೆಸಿ, ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಕುಳಕ್ಕೂ ರೆಕ್ಕೆಗೂ ಬಳಿದು, ನೇಗಿಲನ್ನು ಹಲಗೆಯ ಮೇಲೆ ಇಳಿಸಿ ಮಳೆ ತಾಗದ ಕಡೆ ನಿಲ್ಲಿಸಿ.